ಬಾಡು ಉಣ್ಣುವವರು, ಬಾಡು ಬಿಟ್ಟವರು: ಹೊಯ್ಸಳ ಸೀಮೆಗೆ ಹೊಸದಾಗಿ ಬಂದವರಿಗೆ

ಹಾಸನ ಜಿಲ್ಲೆಗೆ ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿನವರು, ನರ್ಸಮ್ಮಂದಿರು ಮೊದಲ ವಾರದಲ್ಲೇ ಅಕ್ಕಪಕ್ಕದವರನ್ನು ಒಂದು ಪ್ರಶ್ನೆ ಕೇಳಿಬಿಡುತ್ತಾರೆ: "ನೀವು ವೆಜ್ಜಾ, ನಾನ್‌ವೆಜ್ಜಾ?" ಅರಸೀಕೆರೆಯಲ್ಲಾಗಲಿ ಬೇಲೂರಿನಲ್ಲಾಗಲಿ ಇದಕ್ಕೆ ಬರುವ ಉತ್ತರ ಎಷ್ಟೋ ಸಲ "ಇವತ್ತು ಶನಿವಾರ ಅಲ್ವಾ" ಎಂದು. ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಕೇಳಿದ್ದು ಮನುಷ್ಯನ ಬಗ್ಗೆ, ಉತ್ತರ ಬಂದದ್ದು ಪಂಚಾಂಗದಿಂದ.

ಈ ಕಡೆಯ ಬಹಳಷ್ಟು ಮನೆಗಳಲ್ಲಿ ಒಲೆಯ ಮೇಲೆ ಏನು ಏರಬೇಕು ಎಂಬುದನ್ನು ಮನೆದೇವರ ವಾರ ತೀರ್ಮಾನಿಸುತ್ತದೆ. ಸೋಮವಾರ ಶಿವನದು. ಶನಿವಾರ ವೆಂಕಟರಮಣನದು, ಆಂಜನೇಯನದು. ಅರಸೀಕೆರೆಯ ಮಾಲೇಕಲ್ಲು ತಿರುಪತಿಗೆ ನಡೆದುಕೊಳ್ಳುವ ಒಕ್ಕಲುಗಳಲ್ಲಿ ಶನಿವಾರ ಮೊಟ್ಟೆಯೂ ಅಡುಗೆಮನೆ ದಾಟುವುದಿಲ್ಲ. ಶ್ರಾವಣ ಪೂರ್ತಿ ಬಿಡುವವರಿದ್ದಾರೆ, ಕಾರ್ತಿಕದ ಸೋಮವಾರಗಳನ್ನಷ್ಟೇ ಬಿಡುವವರಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ವ್ರತ ಹಿಡಿಯುತ್ತಾನೆ. ಇಳಿಸಿದ ಮೇಲೆ ಬರುವ ಮೊದಲ ಭಾನುವಾರ ಅವನ ಮನೆಯ ಒಗ್ಗರಣೆಯ ವಾಸನೆ ಬೀದಿಗೆಲ್ಲ ತಿಳಿಯುತ್ತದೆ. ಇವರೆಲ್ಲ ಮಾಂಸ ತಿನ್ನುವವರೇ. ಆದರೆ ತಿಂದ ದಿನಗಳಿಗಿಂತ ಬಿಟ್ಟ ದಿನಗಳನ್ನು ಹೆಚ್ಚು ಜತನದಿಂದ ಲೆಕ್ಕ ಇಡುವವರು.

ಇನ್ನೊಂದು ಕಡೆ, ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಅವರಲ್ಲೂ ಒಬ್ಬರ ಕಾರಣ ಇನ್ನೊಬ್ಬರ ಕಾರಣವಲ್ಲ. ಹಳೇಬೀಡಿನ ಜೈನರ ಮನೆ, ಬೇಲೂರಿನ ಅಗ್ರಹಾರದ ಮನೆ, ಅರಸೀಕೆರೆ ಸೀಮೆಯ ಲಿಂಗಾಯತರ ಮನೆ: ಮೂರರಲ್ಲೂ ಬಾಡಿಲ್ಲ. ಯಾಕಿಲ್ಲ ಎಂದು ಕೇಳಿನೋಡಿ, ಮೂರು ಬೇರೆ ಬೇರೆ ಪಾಠ ಸಿಗುತ್ತವೆ. ಹೊಸಬರು ಮೊದಲು ಕಲಿಯಬೇಕಾದದ್ದು ಇದನ್ನೇ. ತಟ್ಟೆಯಲ್ಲಿ ಏನಿದೆ ಎಂಬುದರಿಂದ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ.

ಹಳೇಬೀಡಿನಿಂದ ಶುರುಮಾಡೋಣ. ಪ್ರವಾಸಿಗಳು ಹೊಯ್ಸಳೇಶ್ವರವನ್ನು ನೋಡಿ, ಆ ದೊಡ್ಡ ನಂದಿಗಳ ಮುಂದೆ ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಸದಿಹಳ್ಳಿ ಇದೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಅಲ್ಲಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಯುದ್ಧ ಮಾಡುವ ಮನೆತನ, ಅಹಿಂಸೆಯ ಧರ್ಮ. ಈ ವಿರೋಧ ಆ ಕಾಲದವರನ್ನು ನಮ್ಮಷ್ಟು ಕಾಡಿದಂತೆ ಕಾಣುವುದಿಲ್ಲ. ಗೃಹಸ್ಥನಿಗೆ ಒಂದು ಅಳತೆ, ಮುನಿಗೆ ಒಂದು ಅಳತೆ ಎಂದು ಜೈನರು ಮೊದಲೇ ಗೆರೆ ಎಳೆದಿಟ್ಟಿದ್ದರು.

ಜೈನರ ಲೆಕ್ಕ ಇಂದ್ರಿಯಗಳ ಲೆಕ್ಕ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡ ಇವುಗಳಲ್ಲಿ ಇರುವುದು ಏಕೇಂದ್ರಿಯ ಜೀವ, ಸ್ಪರ್ಶವೊಂದೇ ಗೊತ್ತಿರುವುದು. ಹುಳಕ್ಕೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ಮೀನು, ಹಕ್ಕಿ, ಕುರಿ, ಮನುಷ್ಯರಿಗೆ ಐದು. ಬದುಕಬೇಕಾದರೆ ಒಂದಿಷ್ಟು ಹಿಂಸೆ ಆಗಿಯೇ ಆಗುತ್ತದೆ. ಅದನ್ನು ಆದಷ್ಟು ಕೆಳಗಿನ ಮೆಟ್ಟಿಲಿನಲ್ಲಿ ಇಟ್ಟುಕೊಳ್ಳಿ ಎಂಬುದು ಸೂತ್ರ. ನೀರು ಸೋಸಿ ಕುಡಿಯುವುದು, ಹೊತ್ತು ಮುಳುಗಿದ ಮೇಲೆ ಊಟ ಮಾಡದಿರುವುದು, ನಿಷ್ಠರಾದವರು ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬಿಡುವುದು ಎಲ್ಲವೂ ಇದೇ ಲೆಕ್ಕದ ಮುಂದುವರಿಕೆ. ಗೆಡ್ಡೆಯೊಂದರಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿವೆ, ಕಿತ್ತರೆ ಗಿಡವೇ ಸಾಯುತ್ತದೆ ಎಂದು ಅವರ ನಂಬಿಕೆ. ಅಗ್ರಹಾರದವರೂ ಹಬ್ಬಹರಿದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡುತ್ತಾರೆ, ಆದರೆ ಅದು ತಾಮಸ, ಬುದ್ಧಿ ಮಂಕಾಗುತ್ತದೆ ಎಂಬ ಕಾರಣಕ್ಕೆ. ಒಬ್ಬರಿಗೆ ಗೆಡ್ಡೆಯ ಚಿಂತೆ, ಇನ್ನೊಬ್ಬರಿಗೆ ತಿನ್ನುವವನ ಚಿಂತೆ. ಒಂದೇ ಬೆಳ್ಳುಳ್ಳಿ ಎಸಳು, ನೋಡಿ.

ಈ ವಿಚಾರವನ್ನು ಕನ್ನಡದಲ್ಲಿ ಅತ್ಯಂತ ದೂರಕ್ಕೆ ಒಯ್ದವನು ಇದೇ ಹಳೇಬೀಡಿನ, ಅಂದಿನ ದೋರಸಮುದ್ರದ, ಕವಿ. ಜನ್ನ ಹೊಯ್ಸಳ ಎರಡನೆಯ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು, ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. 1209ರಲ್ಲಿ ಅವನು ಬರೆದು ಮುಗಿಸಿದ 'ಯಶೋಧರ ಚರಿತೆ'ಯ ಕಥೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅವಸರ ಮಾಡಬೇಡಿ.

ಉಜ್ಜಯಿನಿಯ ರಾಜ ಯಶೋಧರ. ಅವನ ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಒಂದು ಹಾಡಿಗೆ ಸೋತು ಅಷ್ಟಾವಂಕನೆಂಬ ಕುರೂಪಿ ಮಾವುತನಿಗೆ ಒಲಿಯುತ್ತಾಳೆ. ರಾಜ ಅದನ್ನು ಕಣ್ಣಾರೆ ಕಂಡು, ತಾಯಿಗೆ ನಿಜ ಹೇಳಲಾರದೆ, ಕೆಟ್ಟ ಕನಸು ಬಿತ್ತು ಎಂದು ಮರೆಸುತ್ತಾನೆ. ತಾಯಿ ಚಂದ್ರಮತಿ ಗಾಬರಿಯಾಗಿ, ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ. ಜೀವ ತೆಗೆಯುವುದಿಲ್ಲ ಎಂದು ಮಗನ ಹಟ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡೋಣ, ಅದನ್ನು ಕಡಿಯೋಣ. ಹಿಟ್ಟಿನ ಹುಂಜ ತಯಾರಾಗುತ್ತದೆ, ಅದರೊಳಗೆ ಬೆಂತರವೊಂದು ಸೇರಿಕೊಳ್ಳುತ್ತದೆ. ಕತ್ತಿ ಬೀಳುವಾಗ ಹಿಟ್ಟು ಕೂಗುತ್ತದೆ. ಆಮೇಲೆ ರಾಣಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ಇಬ್ಬರೂ ನವಿಲು ನಾಯಿಯಾಗಿ, ಮುಳ್ಳುಹಂದಿ ಹಾವಾಗಿ, ಮೀನು ಮೊಸಳೆಯಾಗಿ, ಆಡು ಕೋಣವಾಗಿ, ಕೊನೆಗೆ ಕೋಳಿಗಳೇ ಆಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಮತ್ತೆ ಮನುಷ್ಯ ಜನ್ಮ ಸಿಕ್ಕಿ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿಯರಾದಾಗ ಮಾರಿದತ್ತನೆಂಬ ರಾಜ ಇವರನ್ನೇ ಚಂಡಮಾರಿಗೆ ಬಲಿ ಕೊಡಲು ಎಳೆತರಿಸುತ್ತಾನೆ. ಅವನ ಎದುರಿಗೆ ನಿಂತು ಅಭಯರುಚಿ ಹೇಳುವ ಕಥೆಯೇ ಈ ಕಾವ್ಯ.

ಸುಮ್ಮನೆ ಲೆಕ್ಕ ನೋಡಿ. ಆ ಬಲಿಯಲ್ಲಿ ಒಂದು ಕೋಳಿಯೂ ಸಾಯಲಿಲ್ಲ. ಯಾರೂ ಮಾಂಸ ತಿನ್ನಲಿಲ್ಲ. ತಿಂದಿದ್ದರೂ ಅದು ಹಿಟ್ಟು. ಆದರೂ ಜನ್ಮ ಜನ್ಮಾಂತರದ ಶಿಕ್ಷೆ. ಯಾಕೆಂದರೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಇತ್ತು, ಜನ್ನನ ಮತದಲ್ಲಿ ಅಷ್ಟು ಸಾಕು. ಮಾಂಸಾಹಾರದ ಚರ್ಚೆಗೆ ಕುಳಿತವರು ಪ್ರೋಟೀನು, ಹಲ್ಲಿನ ರಚನೆ, ಕರುಳಿನ ಉದ್ದ ಎಂದು ವಾದಿಸುವುದನ್ನು ಕೇಳಿದಾಗಲೆಲ್ಲ ನನಗೆ ಈ ಕೋಳಿ ನೆನಪಾಗುತ್ತದೆ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮೂರಿನ ಒಬ್ಬ ಕವಿ ಪ್ರಶ್ನೆಯನ್ನು ತಟ್ಟೆಯಿಂದ ಎತ್ತಿ ಮನಸ್ಸಿನೊಳಗೆ ಇಟ್ಟಿದ್ದ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕ ಬರೆದದ್ದು ಇದೇ ಕಥೆಯಿಂದ. ಅವರು ಅದರ ಜೈನ ತೀರ್ಪನ್ನು ಹಾಗೇ ಒಪ್ಪಿಕೊಳ್ಳದೆ ಗಂಡ ಹೆಂಡಿರ ನಡುವೆ ತಂದು ನಿಲ್ಲಿಸಿದರು.

ಎಲ್ಲರೂ ಜನ್ನನ ಮಾತಿಗೆ ಒಪ್ಪಿದರೆಂದು ತಿಳಿಯಬೇಡಿ. ಅದೇ ಹದಿಮೂರನೆಯ ಶತಮಾನದಲ್ಲಿ ಕರಾವಳಿಯಲ್ಲಿ ಮಧ್ವಾಚಾರ್ಯರು ಬಂದರು. ಯಜ್ಞದಲ್ಲಿ ಪಶುವನ್ನು ಕೊಲ್ಲುವ ಬದಲು ಹಿಟ್ಟಿನ ಪಶುವನ್ನು ಅರ್ಪಿಸಬಹುದು ಎಂಬ ಪದ್ಧತಿ ಅವರ ಪರಂಪರೆಯಲ್ಲಿ ನಿಂತಿತು. ಪಿಷ್ಟಪಶು ಎಂದು ಅದರ ಹೆಸರು. ಜನ್ನನಿಗೆ ಯಾವುದು ಪಾಪವೋ ಇಲ್ಲಿ ಅದೇ ಪಾಪದಿಂದ ಪಾರಾಗುವ ದಾರಿ. ಸ್ಮಾರ್ತರಿಗೂ ಮಾಧ್ವರಿಗೂ ಈ ಹಿಟ್ಟಿನ ಪಶುವಿನ ವಿಷಯದಲ್ಲಿ ಬಹಳ ಕಾಲ ಜಗಳ ನಡೆಯಿತು. ಇಬ್ಬರೂ ಮಾಂಸ ತಿನ್ನುವವರಲ್ಲ ಎಂಬುದನ್ನು ಮರೆಯಬಾರದು. ಜಗಳ ಇದ್ದದ್ದು ಶಾಸ್ತ್ರದ ಮಾತನ್ನು ಅಕ್ಷರಶಃ ಹಿಡಿಯಬೇಕೋ ಬೇಡವೋ ಎಂಬುದಕ್ಕೆ.

ಬದಲಿ ಕೊಡುವ ಈ ಬುದ್ಧಿ ಪಂಡಿತರಿಗಷ್ಟೇ ಸೇರಿದ್ದೂ ಅಲ್ಲ. ಆಯುಧಪೂಜೆಯ ದಿನ ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರ ನಿಂತು ನೋಡಿ. ಬೂದುಗುಂಬಳಕ್ಕೆ ಕುಂಕುಮ ತುಂಬಿ ಲಾರಿಯ ಮುಂದೆ ಒಡೆಯುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತದೆ. ಅದು ಯಾವುದರ ಬದಲಿಗೆ ಎಂದು ಒಡೆಯುವವನಿಗೂ ಗೊತ್ತು, ನೋಡುವವರಿಗೂ ಗೊತ್ತು.

ಬದಲಿ ಬೇಡ, ನಿಜವಾದ ಕುರಿಯೇ ಬೇಕು ಎನ್ನುವ ದೇವತೆಗಳೂ ಇದ್ದಾರೆ. ಊರೂರಿನ ಮಾರಮ್ಮ, ಕೆಂಚಮ್ಮ, ಚೌಡಮ್ಮರು. ಹಾಸನದ ಹತ್ತಿರದ ಪುರದಮ್ಮನಲ್ಲಿಗೆ ಹರಕೆಯ ಕುರಿ, ಕೋಳಿ ಹಿಡಿದು ಬಂಧುಬಳಗದ ಸಮೇತ ಹೋಗಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಉಂಡು ಬರುವುದು ಸುತ್ತಲಿನ ತಾಲ್ಲೂಕುಗಳವರೆಲ್ಲ ಮಾಡುವ ಕೆಲಸ. ಇಲ್ಲಿ ಮಾಂಸ ತಿನ್ನುವ ಕಾರಣ ನಾಲಿಗೆಯ ಚಪಲ ಎಂದರೆ ಅರ್ಧವನ್ನಷ್ಟೇ ಹೇಳಿದಂತೆ. ಮಗುವಿಗೆ ಜ್ವರ ಬಂದಾಗ ಹೊತ್ತ ಹರಕೆ ಅದು. ದೇವಿಯ ಪಾಲು ಕೊಟ್ಟು ಉಳಿದದ್ದನ್ನು ಹಂಚಿಕೊಂಡು ಉಣ್ಣುವುದು ಪ್ರಸಾದ, ಕರೆದರೆ ಹೋಗದಿರುವುದು ಅವಮಾನ. ಬಲಿಯನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದ ಇದೆ, 1975ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ದೇವಸ್ಥಾನದ ಆವರಣದಲ್ಲಿ, ದೇವರ ಮೆರವಣಿಗೆಯಲ್ಲಿ ಬಲಿ ಕೊಡುವಂತಿಲ್ಲ. ಹೀಗಾಗಿ ಜಾತ್ರೆಯ ದಿನ ಗುಡಿಯ ಮುಂದೆ ಪೊಲೀಸರು ನಿಂತಿರುತ್ತಾರೆ, ಕುರಿಯನ್ನು ತೋಟದ ಆಚೆ ಬದಿಯಲ್ಲಿ ಕಡಿಯುತ್ತಾರೆ. ಕಾನೂನು ಗುಡಿಯ ಸುತ್ತ ಗೆರೆ ಎಳೆಯಿತು, ಹರಕೆ ಗೆರೆಯಿಂದಾಚೆ ನಾಲ್ಕು ಹೆಜ್ಜೆ ಸರಿದು ನಿಂತಿತು.

ಬೇಲೂರಿಗೆ ಬರೋಣ. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರಲ್ಲಿ ದರ್ಪಣ ಸುಂದರಿಯನ್ನು ತೋರಿಸದ ಗೈಡ್ ಇಲ್ಲ. ಅವಳ ಸಾಲಿನಲ್ಲೇ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ, ಕಾಲ ಬಳಿಯ ಪರಿವಾರದವಳು ಬೇಟೆಯಾಡಿದ ಜಿಂಕೆಯನ್ನು ಹೊತ್ತಿದ್ದಾಳೆ. ವಿಷ್ಣುವಿನ ಗುಡಿಯ ಕಂಬದ ಮೇಲೆ ಸತ್ತ ಜಿಂಕೆ ಕೆತ್ತಿದ್ದಕ್ಕೆ ಯಾರೂ ಆಗ ಮುಖ ಸಿಂಡರಿಸಲಿಲ್ಲ. ಹೊಯ್ಸಳರಿಗೆ ಮೇಲರಸರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಇದೇ ಕಾಲದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವಜರೂ ಸಿಗುತ್ತಾರೆ, ಹಂದಿ, ಜಿಂಕೆ, ಮೀನುಗಳನ್ನು ಸುಡುವ, ಹುರಿಯುವ ವಿಧಾನಗಳೂ ಸಿಗುತ್ತವೆ. ಅರಸರು ತಿನ್ನುತ್ತಿದ್ದರು, ಅದನ್ನು ಮುಚ್ಚಿಡುವ ಅಗತ್ಯ ಕಾಣುತ್ತಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಎಂಬ ಜೈನ ಕವಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಅದರಲ್ಲಿ ಒಂದು ತುಂಡು ಮಾಂಸವೂ ಇಲ್ಲ. ಕರ್ನಾಟಕದ ಹಿಂದಿನವರು ಹೀಗೆ ತಿನ್ನುತ್ತಿದ್ದರು ಎಂದು ಒಂದೇ ಉಸಿರಿನಲ್ಲಿ ಹೇಳುವವರಿಗೆ ಈ ಎರಡೂ ಪುಸ್ತಕಗಳನ್ನು ಒಟ್ಟಿಗೆ ಕೊಡಬೇಕು.

ಅಗ್ರಹಾರದ ಮನೆಗಳ ಕಾರಣಕ್ಕೆ ಮಡಿ ಎಂದು ಹೆಸರು. ಅಹಿಂಸೆಯ ಮಾತೂ ಅದರಲ್ಲಿ ಇದೆ, ಆದರೆ ದಿನನಿತ್ಯ ಕೆಲಸ ಮಾಡುವುದು ಮಡಿ ಮೈಲಿಗೆಯ ಲೆಕ್ಕ: ಯಾವುದು ಮುಟ್ಟಿದರೆ ಏನಾಗುತ್ತದೆ, ಯಾರು ಬೇಯಿಸಿದ್ದು, ಯಾವ ಪಾತ್ರೆಯಲ್ಲಿ. ಈ ಲೆಕ್ಕದಲ್ಲಿ ಮಾಂಸ ಬಿಡುವುದು ನಿಮ್ಮೊಬ್ಬರ ಆಯ್ಕೆಯಾಗಿ ಉಳಿಯುವುದಿಲ್ಲ. ತಿನ್ನುವವನು ಎಲ್ಲಿ ಕೂರಬೇಕು ಎಂಬುದನ್ನೂ ಅದು ಹೇಳತೊಡಗುತ್ತದೆ. ಸತ್ತ ದನವನ್ನು ಎಳೆದು ಹಾಕುವ, ಚರ್ಮ ಸುಲಿದು ಹದ ಮಾಡುವ ಕೆಲಸವನ್ನು ಕೆಲವು ಜಾತಿಗಳ ಹೆಗಲಿಗೆ ಕಟ್ಟಿ, ಆ ಕೆಲಸಕ್ಕಾಗಿಯೇ ಅವರನ್ನು ಊರಾಚೆ ಇಟ್ಟದ್ದು ಇದೇ ಲೆಕ್ಕ. ಇದೇ ಬೇಲೂರಿನಲ್ಲಿ ಚೆನ್ನಕೇಶವನಿಗೆ ಚರ್ಮದ ಚಪ್ಪಲಿ ಮಾಡಿ ಅರ್ಪಿಸುವ ಹಕ್ಕು ಮಾದಿಗರದ್ದು. ಸ್ವಾಮಿ ರಾತ್ರಿ ಬಾಬಾಬುಡನ್‌ಗಿರಿಯ ಕಡೆಗೆ ನಡೆದುಹೋಗುತ್ತಾನೆ, ಚಪ್ಪಲಿ ಸವೆಯುತ್ತದೆ ಎಂದು ಐತಿಹ್ಯ. ದೇವರ ಕಾಲಿಗೆ ಚರ್ಮ ಆಗುತ್ತಿತ್ತು.

ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ತಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿ ಎಂದರು. ಕೊಲ್ಲುವ ಪಾಪದ ಮಾತು ಅದರಲ್ಲಿ ಇರಲಿಲ್ಲ, ಆ ದನ ಹೇಗೂ ತಾನಾಗಿ ಸತ್ತದ್ದು. ಎಂಜಲನ್ನು ಒಪ್ಪಿಕೊಳ್ಳಬೇಡಿ ಎಂಬ ಸ್ವಾಭಿಮಾನದ ಮಾತು. 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ದನದ ಮಾಂಸದ ಸುತ್ತ ಅಸ್ಪೃಶ್ಯತೆ ಹೇಗೆ ಬೆಳೆಯಿತು ಎಂದು ತಮ್ಮ ವಾದ ಮಂಡಿಸಿದರು. ಮುಂದಿನ ತಲೆಮಾರಿನ ಹಲವರು ಅದೇ ಸ್ವಾಭಿಮಾನದ ಹೆಸರಿನಲ್ಲಿ ನಮ್ಮ ಊಟ ನಮ್ಮ ಹಕ್ಕು ಎಂದು ದನದ ಮಾಂಸವನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ಬಿಟ್ಟದ್ದಕ್ಕೂ ಹಿಡಿದದ್ದಕ್ಕೂ ಕಾರಣ ಒಂದೇ ಆಗಿರುವ ಇಂಥ ಉದಾಹರಣೆ ಅಪರೂಪ. ಈಗಿನ ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. 1964ರ ಗೋಹತ್ಯೆ ನಿಷೇಧ ಕಾಯ್ದೆಯ ಜಾಗಕ್ಕೆ 2020ರ ಕಾಯ್ದೆ ಬಂದು 2021ರ ಜನವರಿಯಿಂದ ಜಾರಿಯಲ್ಲಿದೆ. ಹಸು, ಕರು, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. 13 ವರ್ಷ ಮೀರಿದ ಎಮ್ಮೆ, ಕೋಣಕ್ಕೆ ಮಾತ್ರ ಅನುಮತಿ ಸಿಗಬಹುದು. ಮುದಿ ಎತ್ತನ್ನು ಏನು ಮಾಡುವುದು ಎಂಬ ರೈತನ ಪ್ರಶ್ನೆಗೆ ತೃಪ್ತಿಯ ಉತ್ತರ ಇನ್ನೂ ಸಿಕ್ಕಿಲ್ಲ, ಮತ್ತು ಆ ಪ್ರಶ್ನೆ ಕೇಳುವವರಲ್ಲಿ ಮಾಂಸ ತಿನ್ನದ ರೈತರೂ ಇದ್ದಾರೆ.

ಅರಸೀಕೆರೆ ಸೀಮೆಗೆ ಬಂದರೆ ಹೊಲ ಉಳುವ ಸಸ್ಯಾಹಾರಿಗಳನ್ನು ಕಾಣುತ್ತೀರಿ. ಸಸ್ಯಾಹಾರ ಎಂದರೆ ಪುರೋಹಿತರ ಆಹಾರ ಎಂದು ತಿಳಿದು ಬಂದ ಹೊರರಾಜ್ಯದವರಿಗೆ ಇದು ಅಚ್ಚರಿ. ಲಿಂಗಾಯತ ರೈತ ರಾಗಿ ಬಿತ್ತುತ್ತಾನೆ, ತೆಂಗು ಬೆಳೆಯುತ್ತಾನೆ, ಎಮ್ಮೆ ಸಾಕುತ್ತಾನೆ, ಮಾಂಸ ಮುಟ್ಟುವುದಿಲ್ಲ. ಮೈಮೇಲೆ ಇಷ್ಟಲಿಂಗ ಧರಿಸಿದ ಮೇಲೆ ದೇಹವೇ ದೇಗುಲ, ಅದರೊಳಗೆ ಹೋಗುವುದೆಲ್ಲ ಮೊದಲು ಲಿಂಗಕ್ಕೆ ಅರ್ಪಿತವಾಗಬೇಕು. ಮಾರಿ ಮಸಣಿಗೆ ಬಲಿ ಕೊಡುವ ಪದ್ಧತಿಯನ್ನು ಬಸವಣ್ಣನವರು ಮತ್ತು ಇತರ ಶರಣರು ಹನ್ನೆರಡನೆಯ ಶತಮಾನದಲ್ಲೇ ಕಟುವಾಗಿ ಟೀಕಿಸಿದರು. ಹಬ್ಬಕ್ಕೆ ಬಲಿಯಾಗಲಿರುವ ಕುರಿಯೇ ಹಬ್ಬದ ತೋರಣವನ್ನು ಮೇಯುವ ಚಿತ್ರ ವಚನದಿಂದ ಬಂದು ಕನ್ನಡದ ಶಾಲಾಮಕ್ಕಳಿಗೆಲ್ಲ ಗೊತ್ತಾಗಿದೆ. ಆದರೂ ಅದೇ ಶರಣರು ಪುರಾತನರೆಂದು ನೆನೆಯುವ ಶಿವಭಕ್ತರಲ್ಲಿ ಬೇಡರ ಕಣ್ಣಪ್ಪನೂ ಒಬ್ಬ. ಬೇಟೆಯ ಮಾಂಸವನ್ನು ಕಚ್ಚಿ ರುಚಿ ನೋಡಿ ಶಿವನಿಗೆ ಎಡೆ ಇಟ್ಟವನು. 1954ರಲ್ಲಿ ಡಾ. ರಾಜ್‌ಕುಮಾರ್ ನಾಯಕರಾಗಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ಈ ಪಾತ್ರದಲ್ಲೇ, ಸಸ್ಯಾಹಾರಿ ಮನೆಗಳವರೂ ಆ ಸಿನಿಮಾ ನೋಡಿ ಕಣ್ಣೀರು ಹಾಕಿದರು. ಮಾಂಸ ತಿನ್ನದ ಭಕ್ತನೊಬ್ಬ ಮಾಂಸ ಅರ್ಪಿಸಿದ ಭಕ್ತನಿಗೆ ಕೈ ಮುಗಿಯುವುದರಲ್ಲಿ ನಮ್ಮ ಜನಕ್ಕೆ ತೊಡಕು ಕಂಡಿಲ್ಲ.

ಒಂದು ಅಂಕಿ ಕೊಡುತ್ತೇನೆ. 2014ರ ಮಾದರಿ ನೋಂದಣಿ ವ್ಯವಸ್ಥೆಯ (ಎಸ್‌ಆರ್‌ಎಸ್) ಮೂಲ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೀರಿದ ನೂರು ಜನರಲ್ಲಿ ಸುಮಾರು 21 ಮಂದಿ ಸಸ್ಯಾಹಾರಿಗಳು. ನೆರೆಯ ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣಗಳಲ್ಲಿ ಈ ಸಂಖ್ಯೆ ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಬ್ರಾಹ್ಮಣರು ಆ ರಾಜ್ಯಗಳಲ್ಲೂ ಇದ್ದಾರೆ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಇಲ್ಲಿನ ಲಿಂಗಾಯತರು ಎಂದು ನನ್ನ ಎಣಿಕೆ. ಇನ್ನು ನೂರರಲ್ಲಿ ಎಪ್ಪತ್ತೊಂಬತ್ತು ಜನ ತಿನ್ನುವವರು ಎಂಬುದೂ ಅದೇ ಅಂಕಿಯ ಇನ್ನೊಂದು ಮುಖ. "ಕರ್ನಾಟಕದ ಊಟ" ಎಂದು ಹೋಟೆಲಿನಲ್ಲಿ ಬಾಳೆಎಲೆ ಹಾಸಿ ತೋರಿಸುವುದು ಬಹುಮಟ್ಟಿಗೆ ಈ ಐದನೆಯ ಒಂದು ಭಾಗದವರ ಊಟವನ್ನು.

ದೇವರು ಧರ್ಮ ಬಿಟ್ಟು ನೆಲದ ಮಾತಿಗೆ ಬಂದರೆ ಅರಸೀಕೆರೆ, ಬೇಲೂರುಗಳೇ ಒಳ್ಳೆಯ ಪಾಠ. ಅರಸೀಕೆರೆ ಬಯಲುಸೀಮೆ. ಮಳೆ ಕಡಿಮೆ, ರಾಗಿ, ಹುರುಳಿ, ತೆಂಗು. ಬೆಳೆ ಬಾರದ ಕಲ್ಲು ನೆಲದಲ್ಲಿ ಕುರಿ ಮೇಯುತ್ತದೆ. ಹಾಸನದ ಹೆಸರಿನ ಕುರಿ ತಳಿಯೇ ಒಂದಿದೆ. ಕುರುಬರ ಮಂದೆಯನ್ನು ಕೊಯ್ಲಾದ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡು ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕೊಡುವ ಪದ್ಧತಿ ಹಳೆಯದು. ಮಾಂಸ ತಿನ್ನದ ರೈತನ ರಾಗಿಯೂ ಆ ಕುರಿಯಿಂದಲೇ ಹುಲುಸಾಗಿ ಬಂದದ್ದು. ಬೇಲೂರು ಅರೆಮಲೆನಾಡು. ಗದ್ದೆ, ಕಾಫಿತೋಟ, ಯಗಚಿ ಹೊಳೆ. ಮಳೆಗಾಲ ಹಿಡಿದರೆ ಗದ್ದೆಯ ಏಡಿ, ಹತ್ತುಮೀನು, ತೋಟದ ಕಡೆ ಹಂದಿ ಮಾಂಸದ ಹುರುಕಲು. ಚಳಿಗೆ ಖಾರ ಬೇಕು ಎಂಬುದೇ ಅಲ್ಲಿ ಸಾಕಷ್ಟು ಕಾರಣ. ಹಂದಿಯನ್ನು ಮುಸಲ್ಮಾನರು ಮುಟ್ಟುವುದಿಲ್ಲ, ಬಯಲುಸೀಮೆಯ ಎಷ್ಟೋ ಕುರಿ ಕೋಳಿ ತಿನ್ನುವ ಮನೆಗಳೂ ಮುಟ್ಟುವುದಿಲ್ಲ. ಮಾಂಸ ತಿನ್ನುವವರೊಳಗೂ ಯಾವ ಮಾಂಸ ಎಂಬ ಗೆರೆಗಳು ದಟ್ಟವಾಗಿವೆ. ಮುಸಲ್ಮಾನರಿಗೆ ಹಲಾಲ್ ಆಗಿರಬೇಕು. ಬಕ್ರೀದಿನ ಮಾಂಸವನ್ನು ಮೂರು ಪಾಲು ಮಾಡಿ ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ ಕೊಡುವುದು ರೂಢಿ. ಕ್ರೈಸ್ತರಲ್ಲಿ ತಪಸ್ಸುಕಾಲದ ಶುಕ್ರವಾರಗಳಂದು ಬಿಡುವವರಿದ್ದಾರೆ.

ಹಿಂದೆ ಮಾಂಸ ಅಪರೂಪದ ವಸ್ತು. ಬ್ರಾಯ್ಲರ್ ಕೋಳಿಯ ಅಂಗಡಿ ಮೂಲೆ ಮೂಲೆಗೆ ಬರುವ ಮುಂಚೆ ಮನೆಯ ನಾಟಿ ಕೋಳಿ ಕುಯ್ಯುವುದೆಂದರೆ ಅಳಿಯ ಬಂದಿರಬೇಕು, ಇಲ್ಲ ಹಬ್ಬ ಇರಬೇಕು. ಯುಗಾದಿಯ ದಿನ ಸೀ ಊಟ, ಹೋಳಿಗೆ. ಮಾರನೇ ದಿನ ವರ್ಷತೊಡಕು, ಅವತ್ತು ಖಾರದ ಊಟ. ನಾಲ್ಕಾರು ಮನೆಯವರು ಸೇರಿ ಮರಿ ಕಡಿದು ತೆಂಗಿನ ಗರಿಯ ಮೇಲೆ ಸಮಸಮವಾಗಿ ಗುಡ್ಡೆ ಹಾಕುತ್ತಾರೆ, ಎಲ್ಲ ಗುಡ್ಡೆಗೂ ಒಂದಿಷ್ಟು ಈಲಿ, ಒಂದಿಷ್ಟು ಮೂಳೆ ಬೀಳಬೇಕು. ಇದಕ್ಕಾಗಿ ವರ್ಷಪೂರ್ತಿ ದುಡ್ಡು ಕಟ್ಟುವ ಮಾಂಸದ ಚೀಟಿಗಳೂ ನಡೆಯುತ್ತವೆ. ಸಾಲ ಮಾಡಿದರೂ ಸರಿ, ಆ ದಿನ ಒಲೆಯ ಮೇಲೆ ಬಾಡಿರಬೇಕು. ಇನ್ನು ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದು ಎಲೆಯ ಮೇಲೆ ಬರುತ್ತದೆ: ಕೈಮ, ಕೋಳಿ ಸಾರು, ಮೊಟ್ಟೆ, ಪಕ್ಕದಲ್ಲಿ ಒಂದು ಬೀಡಿ ಕಟ್ಟು. ಅಗ್ರಹಾರದವರು ಇದೇ ಪಕ್ಷದಲ್ಲಿ ತಿಥಿ ಮಾಡಿ ವಡೆ, ಪಾಯಸ ಬಡಿಸುತ್ತಾರೆ. ಒಂದೇ ಅಮಾವಾಸ್ಯೆ, ಇಬ್ಬರೂ ನೆನೆಯುವುದು ಅಪ್ಪ ಅಮ್ಮನನ್ನೇ.

ದೇಹದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ, ಅದನ್ನು ಡಾಕ್ಟರರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಬಿ12 ಜೀವಸತ್ವ ಗಿಡಗಳಲ್ಲಿ ಸಿಗುವುದಿಲ್ಲ; ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ ಬರಬೇಕು. ಮಾಂಸದಲ್ಲಿರುವ ಕಬ್ಬಿಣಾಂಶವನ್ನು ಮೈ ಸೊಪ್ಪಿನದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಹಾಗೆಂದು ಮುದ್ದೆ, ಹುರುಳಿ ಸಾರು, ಸೊಪ್ಪು, ಮಜ್ಜಿಗೆಯ ಊಟವನ್ನು ಕೀಳಾಗಿ ಕಾಣುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸಸ್ಯಾಹಾರ ದೇಹಕ್ಕೆ ಸಾಲದು ಎಂಬುದೂ ಮಾಂಸ ತಿಂದರೆ ಕ್ರೌರ್ಯ ಬೆಳೆಯುತ್ತದೆ ಎಂಬುದೂ ಒಂದೇ ದರ್ಜೆಯ ಮಾತುಗಳು. ತಟ್ಟೆಯಲ್ಲಿ ಏನಿಲ್ಲ ಎಂಬುದಕ್ಕಿಂತ ಏನಿದೆ, ಎಷ್ಟಿದೆ ಎಂಬುದು ಮುಖ್ಯ. ಬಡವರ ತಟ್ಟೆಯ ತೊಂದರೆ ಇರುವುದು ಆ "ಎಷ್ಟು" ಎಂಬುದರಲ್ಲಿ.

ಇತ್ತೀಚೆಗೆ ಪಟ್ಟಣಗಳಲ್ಲಿ ಇನ್ನೊಂದು ಕಾರಣ ಕೇಳಿಸುತ್ತಿದೆ, ಪರಿಸರ. ಮನುಷ್ಯನಿಂದ ಆಗುವ ಹಸಿರುಮನೆ ಅನಿಲಗಳಲ್ಲಿ ಶೇ. 14.5ರಷ್ಟು ಜಾನುವಾರು ಸಾಕಣೆಯಿಂದ ಬರುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು. ಹಾಲು, ತುಪ್ಪ, ಜೇನನ್ನೂ ಬಿಟ್ಟ ವೀಗನ್ನರು ಬೆಂಗಳೂರಿನಲ್ಲಿದ್ದಾರೆ. ಬ್ರೆಜಿಲ್ಲಿನಲ್ಲಿ ಕಾಡು ಕಡಿದು ಬೆಳೆಸಿದ ದನಕ್ಕೂ ಅರಸೀಕೆರೆಯ ಕೂಳೆ ಮೇಯುವ ಕುರಿಗೂ ಒಂದೇ ತಕ್ಕಡಿ ಹಿಡಿಯಬೇಕೇ ಎಂಬುದರಲ್ಲಿ ನನಗೆ ಅನುಮಾನವಿದೆ. ವೀಗನ್ನರು ಹಾಲನ್ನು ಪ್ರಶ್ನಿಸಿದ್ದು ಮಾತ್ರ ನ್ಯಾಯವೇ, ಏಕೆಂದರೆ ಹಾಲು ಕೊಡುವ ಹಸು ಗಂಡುಕರುವನ್ನೂ ಹಾಕುತ್ತದೆ, ಆ ಕರು ಎಲ್ಲಿ ಹೋಗುತ್ತದೆ ಎಂದು ಹಾಲು ಕುಡಿಯುವ ಸಸ್ಯಾಹಾರಿ ಕೇಳುವುದು ಕಡಿಮೆ.

ಕಾರಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಎಲ್ಲರಿಗೂ ಸೇರಿದ ಜಾಗದಲ್ಲಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಮದ್ಯ, ತಂಬಾಕುಗಳ ಜೊತೆಗೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಬಾಡೂಟ ಬಡಿಸದಿದ್ದರೆ ಬೇಡ, ಅದನ್ನು ಹೆಂಡದ ಪಕ್ಕ ಕೂರಿಸಿದ್ದೇಕೆ ಎಂಬ ಸಿಟ್ಟು ಅದರಲ್ಲಿತ್ತು. ಶಾಲೆಯ ಮೊಟ್ಟೆಯ ಕಥೆಯೂ ಹೀಗೇ. ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ 2021ರ ಕೊನೆಗೆ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು, ಜೈನ ಮುಖಂಡರು ವಿರೋಧಿಸಿದರು. ಮಕ್ಕಳು ತಮಗೆ ಬೇಕೆಂದು ದನಿ ಎತ್ತಿದರು. ಮುಂದೆ ಅದು ರಾಜ್ಯವೆಲ್ಲ ಹರಡಿತು, ಬೇಡದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಏರ್ಪಾಡಾಯಿತು. ಒಂದೇ ಸಾಲಿನಲ್ಲಿ ಕೂತು ಒಬ್ಬ ಮೊಟ್ಟೆ ಸುಲಿಯುತ್ತಾನೆ, ಪಕ್ಕದವಳು ಬಾಳೆಹಣ್ಣು ಸುಲಿಯುತ್ತಾಳೆ. ಮಕ್ಕಳಿಗೆ ಇದರಲ್ಲಿ ತಕರಾರಿಲ್ಲ. ಯಾರು ಏನು ತೆಗೆದುಕೊಂಡರು ಎಂದು ಬರೆದಿಡುವ ಮೇಷ್ಟ್ರು ಅದನ್ನು ಜಾತಿಯ ಪಟ್ಟಿಯಂತೆ ಓದದಿದ್ದರೆ ಆಯಿತು.

ಇನ್ನು ವ್ಯವಹಾರದ ಮಾತು. ಬೀಗರ ಊಟಕ್ಕೆ ಕರೆದರೆ ಅದು ಖಾರದ ಊಟ ಎಂದೇ ತಿಳಿಯಿರಿ, ಆಮಂತ್ರಣದಲ್ಲಿ ಬರೆದಿರುವುದಿಲ್ಲ. ತಿನ್ನದವರಾದರೆ ಸಂಕೋಚ ಬೇಡ, ಮೊದಲೇ ಹೇಳಿದರೆ ಬೇರೆ ಪಂಕ್ತಿ, ಬೇರೆ ಅಡುಗೆಯವರು ಇರುತ್ತಾರೆ. ಹೇಳದೆ ಹೋಗಿ ಎಲೆಯ ಮುಂದೆ ಮೂಗು ಮುಚ್ಚಿಕೊಳ್ಳುವುದನ್ನು ಯಾರೂ ಮರೆಯುವುದಿಲ್ಲ. ಸಸ್ಯಾಹಾರಿಗಳ ಮನೆ ಬಾಡಿಗೆಗೆ ಹಿಡಿದಿದ್ದರೆ ಷರತ್ತನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಿಕೊಳ್ಳಿ, ಮೊಟ್ಟೆ ಯಾವ ಕಡೆ ಸೇರುತ್ತದೆ ಎಂಬುದನ್ನೂ ಸೇರಿಸಿ. ಜೈನ ಸ್ನೇಹಿತರನ್ನು ಊಟಕ್ಕೆ ಕರೆಯುವುದಾದರೆ ಸಂಜೆ ಏಳೂವರೆಗೆ ಕರೆಯಬೇಡಿ. ನೀವೇ ಬಾಡಿನ ಅಡುಗೆ ಮಾಡಿ ಪಕ್ಕದ ಮನೆಯವರನ್ನು ಕರೆಯುವ ಆಸೆಯಾದರೆ ಭಾನುವಾರ, ಬುಧವಾರ ಸಾಮಾನ್ಯವಾಗಿ ನಡೆಯುತ್ತದೆ. ಆದರೂ ಮನೆದೇವರು ಯಾವುದು ಎಂದು ಒಂದು ಮಾತು ಕೇಳಿ. ಬಸದಿಹಳ್ಳಿಗೆ ಹೋಗಲು ಮಾತ್ರ ವಾರ ನೋಡಬೇಕಾಗಿಲ್ಲ, ಜನ್ನನನ್ನು ಓದಿಕೊಂಡು ಹೋದರೆ ಸಾಕು.